ಎಂಟು ಸಾಲಿನ ಜಾಗ

ಮೇಸ್ತ್ರಿಯ ಎಡಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರಿನ ಪಕ್ಕದಲ್ಲಿ ಸೀಸದ ಬಣ್ಣದ ಒಂದು ಗೆರೆ ಚರ್ಮದೊಳಕ್ಕೆ ಇಳಿದುಹೋಗಿತ್ತು. ಸೀಮೆಎಣ್ಣೆ, ಸೋಡಾಪುಡಿ, ಸೀಗೆಪುಡಿ, ಯಾವುದರಲ್ಲಿ ತೊಳೆದರೂ ಅದು ಹೋಗುತ್ತಿರಲಿಲ್ಲ. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಎತ್ತಿ ಸಾಲು ಜೋಡಿಸುವಾಗ ಕೊನೆಯ ಮೊಳೆ ಜಾರದಂತೆ ಒತ್ತಿ ಹಿಡಿಯುವುದು ಆ ಬೆರಳಿನ ಕೆಲಸ. ಮೂವತ್ತು ವರ್ಷ ಒತ್ತಿ ಹಿಡಿದರೆ ಬೆರಳು ಹಾಗಾಗುತ್ತದೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂಗಾರಪೇಟೆಗೆ ಹಿಂತಿರುಗಿದೆ. ರೈಲ್ವೆ ಗೇಟಿನ ಹತ್ತಿರ ಒಂದು ವಾರಪತ್ರಿಕೆಯ ಅಚ್ಚುಕೂಟವಿತ್ತು. ಅಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ನಮ್ಮ ತಂದೆ ಒಂದು ಷರತ್ತಿನ ಮೇಲೆ ಒಪ್ಪಿದರು: ನನ್ನ ಹೆಸರು ಪತ್ರಿಕೆಯಲ್ಲಿ ಎಲ್ಲಿಯೂ ಬರಕೂಡದು. ಮದುವೆಯಾಗಬೇಕಾದ ಹುಡುಗಿಯ ಹೆಸರು ಕಡಲೆಕಾಯಿ ಪೊಟ್ಟಣದ ಮೇಲೆ ಪ್ಲಾಟ್‌ಫಾರಂ ತುಂಬ ಓಡಾಡುವುದು ಅವರಿಗೆ ಇಷ್ಟವಿರಲಿಲ್ಲ. ನನಗೂ ಅದರಿಂದ ಸಮಾಧಾನವೇ ಆಗಿತ್ತು. ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುವುದು ನನ್ನ ಸ್ವಭಾವಕ್ಕೆ ಒಗ್ಗುತ್ತದೆ.

ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರಿಗೆಲ್ಲ ಹಿರಿಯರು ಅವರು. ಎಲ್ಲರಿಗೂ ಮೇಸ್ತ್ರಿ. ಉರಿಗಾಂನಿಂದ ದಿನಾ ಬೆಳಗಿನ ರೈಲಿಗೆ ಬರುತ್ತಿದ್ದರು. ತಂದೆ ನಂದಿದುರ್ಗ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವರು. ಮಗನ ಎದೆ ಗಣಿಗೆ ಸಾಲದು ಎಂದು ಅವನನ್ನು ಮಿಷನ್ನಿನ ಅಚ್ಚುಕೂಟಕ್ಕೆ ಸೇರಿಸಿದ್ದರಂತೆ. ಮನೆಯಲ್ಲಿ ತೆಲುಗು, ಗಣಿ ಕೂಲಿಗಳ ಲೈನುಮನೆಗಳ ನಡುವೆ ತಮಿಳು, ಕೆಲಸದಲ್ಲಿ ಕನ್ನಡ. ಸಿಟ್ಟು ಬಂದಾಗ ಮಾತ್ರ ಮೂರೂ ಸೇರಿ ಒಂದೇ ವಾಕ್ಯದಲ್ಲಿ ಬರುತ್ತಿದ್ದವು. ಸಿಟ್ಟು ಬರುತ್ತಿದ್ದುದು ಒಂದೇ ಕಾರಣಕ್ಕೆ. ಒಂದು ಗಾತ್ರದ ಅಕ್ಷರಗಳ ನಡುವೆ ಬೇರೆ ಗಾತ್ರದ ಒಂದು ಅಕ್ಷರ ನುಸುಳಿದರೆ, "ಇವ್ನ್ಯಾವನು ಊರು ತಪ್ಪಿ ಬಂದವ್ನೆ?" ಎಂದು ಅದನ್ನು ಚಿಮಟದಲ್ಲಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು.

ಮೊಳೆಯ ಮೇಲಿನ ಅಕ್ಷರ ತಿರುಗುಮುರುಗಾಗಿರುತ್ತದೆ, ಸಾಲನ್ನು ತಲೆಕೆಳಗಾಗಿ ಓದಬೇಕು. ಅವರಿಗೆ ಆ ಅಭ್ಯಾಸ ಎಷ್ಟಿತ್ತೆಂದರೆ ಸಂಪಾದಕರ ಮೇಜಿನ ಆಚೆ ನಿಂತು, ಅವರ ಮುಂದಿದ್ದ ಕಾಗದವನ್ನು ಅವರಿಗಿಂತ ಮೊದಲೇ ಓದಿ ಮುಗಿಸುತ್ತಿದ್ದರು. ಮೇಸ್ತ್ರಿ ಒಳಗೆ ಬಂದರೆ ಸಂಪಾದಕರು ಕಾಗದಗಳನ್ನು ಬೋರಲು ಹಾಕುತ್ತಿದ್ದರು.

"ಮುಚ್ಕೊಳ್ಳಿ ಸ್ವಾಮಿ, ಓದಿದ್ದಾಯ್ತು. ನಿಮ್ಮ ಭಾವಮೈದ ಸಂಕ್ರಾಂತಿಗೆ ಬತ್ತಾ ಇಲ್ವಂತೆ," ಎಂದು ಒಂದು ಸಲ ಹೇಳಿದ್ದು ನನಗೆ ನೆನಪಿದೆ.

ನನ್ನನ್ನು ಅವರು ಅಮ್ಮಣ್ಣಿ ಎನ್ನುತ್ತಿದ್ದರು. ಕೆಲಸ ಕಲಿಸಿದ್ದು ಅವರೇ. ಕರಡಿನ ಅಂಚಿನಲ್ಲಿ ನಾನು ಮಾಡುವ ಗುರುತುಗಳು ಚಿಕ್ಕವಾಗಿರುತ್ತವೆ ಎಂದು ದೂರು. "ಇರುವೆ ನಡೆದಂಗೈತೆ. ತಪ್ಪು ಅಂದ್ರೆ ತಪ್ಪು ಅಂತ ದಪ್ಪಗೆ ಬರೀರಿ. ಯಾಕೆ ಎದ್ರಿಕೆ?"

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಥೆ ಹೇಳುತ್ತಿದ್ದರು. ಎಲ್ಲವೂ ಪಾದ್ರಿಗಳ ಕಥೆಗಳೇ. ಅವರು ಕ್ರೈಸ್ತರು, ಉರಿಗಾಂ ಕಡೆಯ ಒಂದು ಸಣ್ಣ ಚರ್ಚಿನ ಸಭೆಗೆ ಸೇರಿದವರು. ಗಣಿಯೊಳಗೆ ಒಮ್ಮೊಮ್ಮೆ ಬಂಡೆ ಸಿಡಿದು ಊರಿಗೆ ಊರೇ ನಡುಗುತ್ತದೆ. ಅಲ್ಲಿಯವರಿಗೆ ಅದು ಸಾಮಾನ್ಯ. ಹೊಸದಾಗಿ ಬಂದ ಒಬ್ಬ ಪಾದ್ರಿ, ಮರಣಕ್ಕೆ ಅಂಜಬೇಡಿ ಎಂದು ಬೋಧನೆ ಮಾಡುತ್ತಿದ್ದಾಗ ನೆಲ ನಡುಗಿತಂತೆ. ಪಾದ್ರಿ ನಿಲುವಂಗಿ ಎತ್ತಿಕೊಂಡು ಹೊರಗೆ ಓಡಿದರು. ಜನ ಕೂತಲ್ಲೇ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರು ನಾಚಿಕೊಂಡು ಒಳಗೆ ಬಂದಾಗ ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ಕೈಮುಗಿದು ಕೇಳಿದ: "ಅಯ್ಯನೋರೇ, ಅಂಜಬ್ಯಾಡಿ ಅನ್ನೋ ತಾವ ನಿಲ್ಸಿದ್ರಿ. ಅಲ್ಲಿಂದ ಸುರು ಮಾಡಿ."

ಆ ಮುದುಕ ಮೇಸ್ತ್ರಿಯ ಅಜ್ಜ. ಕಾಮಸಮುದ್ರದ ಕಡೆಯ ಒಂದು ಹಳ್ಳಿಯಿಂದ ಬರಗಾಲದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಡೆದು ಬಂದವನು. ಮಿಷನ್ನಿನವರು ಗಂಜಿ ಕೊಟ್ಟರು, ಅವನು ಅಲ್ಲೇ ನಿಂತ. "ಗಂಜಿಗೆ ಬಂದ, ನಿಜ. ಬರಗಾಲ ಮುಗಿದ್ಮೇಲೂ ಓಗ್ಲಿಲ್ಲ, ಅದೂ ನಿಜ," ಎಂದು ಮೇಸ್ತ್ರಿ ಹೇಳುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ ಬೈಬಲ್ಲಿನ ವೇದಪಾಠ ಓದುತ್ತಿದ್ದವರು ಅವರೇ. ಅದಕ್ಕೆ ಮೊದಲು ಅವರ ತಂದೆ ಓದುತ್ತಿದ್ದರಂತೆ, ಅಜ್ಜನಿಗೆ ಓದು ಬರುತ್ತಿರಲಿಲ್ಲ. ಇಷ್ಟೂ ನನಗೆ ಗೊತ್ತಿತ್ತು. ಮುಂದೆ ಹೇಳುವುದನ್ನು ಓದುವಾಗ ಅದು ನೆನಪಿರಲಿ.

ನಮ್ಮ ಸಂಪಾದಕರು ಒಳ್ಳೆಯವರು, ನಗಿಸಬಲ್ಲವರು. ಮೂರನೆಯ ಪುಟದಲ್ಲಿ ಅವರ ನಗೆಬರಹವಿರುತ್ತಿತ್ತು. ಮಠ, ದೇವಸ್ಥಾನ, ಪಾರುಪತ್ತೆಗಾರರು, ಯಾರನ್ನೂ ಬಿಡದೆ ಬರೆಯುತ್ತಿದ್ದರು. ಬರೆಯುವಾಗ ಇದ್ದ ಧೈರ್ಯ ಗುರುವಾರ ಸಂಜೆ ಪುಟ ಕಟ್ಟುವ ಹೊತ್ತಿಗೆ ಇರುತ್ತಿರಲಿಲ್ಲ. "ಆ ಮಠದ್ದು ತೆಗೆದುಬಿಡಿ ಮೇಸ್ತ್ರಿ," ಎಂದು ಒಳಗಿನಿಂದ ಕೂಗುತ್ತಿದ್ದರು. ತೆಗೆದರೆ ಪುಟದಲ್ಲಿ ಗುಂಡಿ. ಅದನ್ನು ತುಂಬಲು ಅಚ್ಚುಕೂಟದಲ್ಲಿ ಒಂದು ಏರ್ಪಾಡಿತ್ತು. ಗೋಡೆಯ ಕೆಳಗಿನ ಹಲಗೆಯ ಮೇಲೆ, ಜೋಡಿಸಿ ದಾರ ಕಟ್ಟಿಟ್ಟ ಏಳೆಂಟು ಸಣ್ಣ ನಗೆಹನಿಗಳು ಸದಾ ಸಿದ್ಧವಾಗಿರುತ್ತಿದ್ದವು: ಐದು ಸಾಲಿನದು, ಎಂಟು ಸಾಲಿನದು, ಹನ್ನೆರಡು ಸಾಲಿನದು. ಬೇರೆ ಎಲ್ಲ ಮೊಳೆಗಳನ್ನು ಅಚ್ಚಾದ ಮೇಲೆ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾರೆ, ಇವನ್ನು ಬಿಚ್ಚುತ್ತಿರಲಿಲ್ಲ. ಒಂದೆರಡು ಗಂಡಹೆಂಡಿರ ಜಗಳ, ಒಂದು ಜಿಪುಣನದು, ಮಿಕ್ಕವೆಲ್ಲ ಪಾದ್ರಿಗಳ ಮೇಲಿನವು. ಪಾದ್ರಿಯ ಹೊಟ್ಟೆ, ಪಾದ್ರಿಯ ಬಾಟಲಿ. ಅವಕ್ಕೆ ಯಾರೂ ಬಂದು ಗಲಾಟೆ ಮಾಡುತ್ತಿರಲಿಲ್ಲವಾದ್ದರಿಂದ ಯಾವ ವಾರಕ್ಕೂ ಹೊಂದುತ್ತಿದ್ದವು. ಅವುಗಳ ಮೇಲೆ ಕೂತ ಧೂಳನ್ನು ಕುಂಚದಿಂದ ಒರೆಸಿ ಇಡುತ್ತಿದ್ದವರೂ ಮೇಸ್ತ್ರಿಯೇ.

ನಾನು ಸೇರಿ ಎರಡು ವರ್ಷವಾಗಿತ್ತು. ಡಿಸೆಂಬರಿನ ಎರಡನೆಯ ಗುರುವಾರ. ಎಂದಿನಂತೆ ಸಂಪಾದಕರು ಮಠದ ಮಾತನ್ನು ತೆಗೆಸಿದರು. ಹೊರಡುವ ಆತುರದಲ್ಲಿ, "ಏನಾದರೂ ತುಂಬಿಬಿಡಮ್ಮ," ಎಂದು ನನಗೆ ಹೇಳಿ ಹೋದರು. ಗುಂಡಿ ಎಂಟು ಸಾಲಿನದು. ನಾನು ಬಗ್ಗಿ ನೋಡಿ ಎಂಟು ಸಾಲಿನ ಒಂದು ತುಂಡನ್ನು ತೋರಿಸಿದೆ. ಸಾಲು ಎಣಿಸಿದೆನೇ ಹೊರತು ಅದರಲ್ಲಿ ಏನಿದೆ ಎಂದು ಯೋಚಿಸಲಿಲ್ಲ. ಕರಡು ತೆಗೆದಾಗ ಓದಿದೆ. ಅಕ್ಷರದ ತಪ್ಪು ಇದೆಯೇ ಎಂದು ಮಾತ್ರ ಓದಿದೆ. ಬರಗಾಲದಲ್ಲಿ ಮತ ಬಿಟ್ಟ ಒಬ್ಬ ಕೂಲಿಯವನು ಪವಿತ್ರ ಭೋಜನದ ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದು, ಹೊಟ್ಟೆ ತುಂಬಬೇಕಾದರೆ ಇನ್ನೆಷ್ಟು ದೇವರನ್ನು ಬದಲಾಯಿಸಬೇಕು ಎಂದು ಪಾದ್ರಿಯನ್ನು ಕೇಳುತ್ತಾನೆ. ಪಾದ್ರಿ ಬಟ್ಟಲಿನ ದ್ರಾಕ್ಷಾರಸವನ್ನು ತಾನೇ ಕುಡಿದು, ಬಾಯಿ ಒರೆಸಿಕೊಂಡು ಲೆಕ್ಕ ಹೇಳುತ್ತಾನೆ. ತಪ್ಪು ಒಂದೂ ಇರಲಿಲ್ಲ. ಅಂಚಿನಲ್ಲಿ ಸಹಿ ಹಾಕಿದೆ.

ಮೇಸ್ತ್ರಿ ಆ ತುಂಡನ್ನು ಎತ್ತಿ ಪುಟದಲ್ಲಿ ಕೂರಿಸಿದರು. ಸುತ್ತ ಬೆರಳಾಡಿಸಿ ನೋಡಿ, "ಸರಿಯಾಗಿ ಕೂತೈತೆ ಅಮ್ಮಣ್ಣಿ," ಎಂದರು.

ಸೋಮವಾರ ಮಧ್ಯಾಹ್ನ ಅವರ ಹೆಂಡತಿ ಅಚ್ಚುಕೂಟಕ್ಕೆ ಬಂದರು. ಹಬ್ಬದ ಬಟ್ಟೆಗೆಂದು ಪೇಟೆಗೆ ಬಂದವರು, ಗಂಡ ರೈಲ್ವೆ ಪಾರ್ಸಲ್ ಬಿಡಿಸಲು ಹೋಗಿದ್ದರಿಂದ ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಕೈಚೀಲ ಖಾಲಿಯಿತ್ತು.

"ಬಟ್ಟೆ ತಗೊಳ್ಳಲಿಲ್ಲವಾ?" ಎಂದು ಕೇಳಿದೆ.

"ಯಾತಕ್ ಮಗಾ? ಈ ಸಲ ಅವ್ರು ಓದಲ್ವಂತೆ. ನಿನ್ನೆ ಸಭೆ ಮುಗಿದ್ಮೇಲೆ ಇರೀಕರು ನಿಲ್ಲಿಸ್ಕೊಂಡು ಕೇಳಿದ್ರು, ಇದು ಜೋಡಿಸಿದ್ಯಾರು ಅಂತ. ನಾನೇ ಅಂದ್ರು. ಆರಿಸಿದ್ಯಾರು ಅಂದ್ರೆ ಬಾಯೇ ಬಿಡಲಿಲ್ಲ. ಪೇಪರ್‌ನೋರು ತಪ್ಪಾಯ್ತು ಅಂತ ಬರೀಬೇಕು, ಇಲ್ಲ ನೀನು ಆ ಕೆಲಸ ಬಿಡಬೇಕು, ಅಲ್ಲೀಗಂಟ ವೇದದ ಮುಂದೆ ನಿಂತ್ಕೋಬ್ಯಾಡ ಅಂದ್ಬಿಟ್ರು."

"ಅವರು ಏನಂದರು?"

"ಏನಂತಾರೆ. ಮನೇಗ್ ಬಂದು ಕನ್ನಡಕ ಒರಸಿದ್ರು. ಆಮೇಲೆ ಪೆಟ್ಟಿಗೇಲಿಕ್ಕಿ ಮುಚ್ಚಿದ್ರು. ಅತ್ತೊಂಬತ್ತು ವರ್ಸ ಮಗಾ. ಒಂದು ವರ್ಸ ಟೈಫಾಯ್ಡು ಜ್ವರ, ಗೋಡೆ ಇಡ್ಕೊಂಡು ಓಗಿ ಓದಿ ಬಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದರು: "ಯಾವ ಪುಣ್ಯಾತ್ಮ ಉಡುಕಿ ಉಡುಕಿ ಅದನ್ನೇ ಆರಿಸಿದ್ನೋ, ಅವನ ಕೈಗೆ ಜರಿ ಕಡೀಲಿ."

ನಾನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಮೇಸ್ತ್ರಿ ಬಂದು ಹೆಂಡತಿಯನ್ನು ರೈಲಿಗೆ ಕಳಿಸಿದ ಮೇಲೆ, ನಾನು ಅವರ ಹತ್ತಿರ ಹೋಗಿ ನಿಂತೆ. ಅವರು ಮೊಳೆ ಎತ್ತುತ್ತಲೇ ಇದ್ದರು.

"ನನ್ನ ಹೆಸರು ಯಾಕೆ ಹೇಳಲಿಲ್ಲ?"

"ನೀವು ಸಾಲು ಎಣಿಸಿದ್ರಿ. ನಾನು ನೋಡ್ತಾ ಇದ್ದೆ. ಅವರಿಗೆ ಏಳಿದ್ರೆ ಅರ್ಥ ಆಗಲ್ಲ."

"ಆಗಲೇ ನನಗೆ ಹೇಳಬಹುದಿತ್ತಲ್ಲ, ಇದು ಬೇಡ ಅಂತ."

"ನಾನು ಬ್ಯಾಡ ಅಂದ್ರೆ ನೀವು ತೆಗೀತಿದ್ರಿ. ಮೇಸ್ತ್ರಿಗೆ ಬೇಜಾರಾಗ್ತದೆ ಅಂತ ತೆಗೀತಿದ್ರಿ." ಒಂದು ಸಾಲು ಮುಗಿಸಿ ತಟ್ಟೆಗೆ ಇಳಿಸಿದರು. "ನಂಗೆ ಅದು ಬೇಕಾಗಿಲ್ಲ ಅಮ್ಮಣ್ಣಿ. ಮಠದ್ದು ತೆಗೆಯೋವಾಗ ಸಂಪಾದಕರು ಏನ್ ಲೆಕ್ಕ ಆಕ್ತಾರೆ? ಯಾರು ಬತ್ತಾರೆ, ಎಷ್ಟು ಜನ ಬತ್ತಾರೆ, ಕಲ್ಲು ತತ್ತಾರಾ. ಪಾದ್ರೀದು ಆಕೋವಾಗ್ಲೂ ಅದೇ ಲೆಕ್ಕ. ಯಾರೂ ಬರಲ್ಲ. ನಮ್ಮೋರೂ ಲಾರಿ ಕಟ್ಕೊಂಡು ಬಂದಿದ್ರೆ ಸರಿ ಓಗ್ತಿತ್ತಾ? ಬರಬಾರ್ದು. ಬರಬಾರ್ದು ಅಂತ್ಲೇ ನಾನೂ ನಮ್ಮೋರಿಗೆ ಏಳಾದು. ಆದ್ರೆ ಬರ್ದೇ ಇರೋರಿಗೆ ನೀವೇನು ಕೊಡ್ತೀರಾ?"

ಪಾದ್ರಿಗಳ ನಗೆಹನಿಗಳನ್ನೇ ನಿಲ್ಲಿಸಿಬಿಡಬಹುದಲ್ಲ ಎಂದೆ. ಅವರು ಮೊದಲ ಸಲ ತಲೆ ಎತ್ತಿದರು.

"ಯಾಕೆ ನಿಲ್ಲಿಸ್ತೀರಾ? ನಗಬ್ಯಾಡಿ ಅಂದೆನಾ ನಾನು? ಮಠದ್ದೂ ಆಕಿ, ನಮ್ದೂ ಆಕಿ. ಚೆನ್ನಾಗಿರೋದು ಆಕಿ. ಒಟ್ಟೆ, ಬಾಟ್ಲಿ, ಒಟ್ಟೆ, ಬಾಟ್ಲಿ. ಈ ಬರೆಯೋರು ಒಬ್ಬ ಪಾದ್ರೀನಾದ್ರೂ ಅತ್ರದಿಂದ ನೋಡವ್ರಾ?"

ಅಂದು ನಾನು ತಡವಾಗಿ ಮನೆಗೆ ಹೋದೆ. ಆ ವರ್ಷದ ಕರಡುಗಳೆಲ್ಲ ನನ್ನ ಕಪಾಟಿನಲ್ಲಿ ವಾರದ ಪ್ರಕಾರ ಕಟ್ಟಿಟ್ಟಿದ್ದವು. ಒಂದೊಂದಾಗಿ ನೋಡಿದೆ. ಹನ್ನೊಂದು ಸಲ ಮಠದ ಅಥವಾ ದೇವಸ್ಥಾನದ ಮಾತು ಕೊನೆಯ ಗಳಿಗೆಯಲ್ಲಿ ಹೊರಗೆ ಬಿದ್ದಿತ್ತು. ಒಂಬತ್ತು ಸಲ ಆ ಜಾಗಕ್ಕೆ ಪಾದ್ರಿ ಬಂದಿದ್ದ. ಒಂಬತ್ತರ ಅಂಚಿನಲ್ಲೂ ನನ್ನ ಸಹಿ ಇತ್ತು.

ಮಂಗಳವಾರ ಆ ಹನ್ನೊಂದು ಕರಡುಗಳನ್ನೂ ಒಂದು ಹಳೆಯ ಸಂಚಿಕೆಯನ್ನೂ ಸಂಪಾದಕರ ಮೇಜಿನ ಮೇಲೆ ಇಟ್ಟೆ. ಆ ಸಂಚಿಕೆ ನಾನು ಸೇರುವ ಮೊದಲಿನದು. ಯಾವುದೋ ಮಠದ ಆನೆಯ ಬಗ್ಗೆ ಒಂದೇ ಒಂದು ಸಾಲಿನ ತಮಾಷೆ ತಪ್ಪಿ ಅಚ್ಚಾಗಿ, ಇಪ್ಪತ್ತು ಮೂವತ್ತು ಜನ ಬಾಗಿಲಲ್ಲಿ ಬಂದು ನಿಂತಿದ್ದರಂತೆ. ಮುಂದಿನ ವಾರ ಮೊದಲ ಪುಟದ ನಡುವೆ, ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ ಕ್ಷಮೆ ಕೇಳಿದ್ದರು.

ಸಂಪಾದಕರು ಎಲ್ಲವನ್ನೂ ನೋಡಿದರು. "ಅವರು ಸಾಧು ಜನ ಕಣಮ್ಮ. ಬೇಜಾರು ಮಾಡ್ಕೊಳಲ್ಲ ಅಂತ..."

"ಮಾಡ್ಕೊಂಡಿದಾರೆ ಸಾರ್. ನಮಗೆ ಬಂದು ಹೇಳಿಲ್ಲ, ಅಷ್ಟೆ." ಸಭೆಯಲ್ಲಿ ಮೇಸ್ತ್ರಿಗೆ ಆದುದನ್ನು ಸಂಪಾದಕರಿಗೆ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮುಖ ಸಣ್ಣದಾಯಿತು. ಮೇಸ್ತ್ರಿಯನ್ನು ಅವರು ನಿಜವಾಗಿ ಪ್ರೀತಿಸುತ್ತಿದ್ದರು.

"ಸಂಬಳ ಬೇಕಾದರೆ ಜಾಸ್ತಿ ಮಾಡೋಣ."

"ಅವರು ಸಂಬಳ ಕೇಳಿಲ್ಲ ಸಾರ್. ಕ್ಷಮೆ ಕೇಳಬೇಕು ನಾವು."

"ಪತ್ರಿಕೆ ಹೆಸರಲ್ಲಿ ಆಗಲ್ಲ. ಗಲಾಟೆ ಮಾಡಿದರೆ ಒಂದು ಮಾತು. ಯಾರೂ ಕೇಳದೆ ನಾವೇ ಕ್ಷಮೆ ಕೇಳಿದರೆ ನಾಳೆ ಪ್ರತಿಯೊಬ್ಬರೂ ಬರ್ತಾರೆ."

ಇದನ್ನು ಹೇಳುತ್ತಿದ್ದಂತೆ ಅವರಿಗೇ ಅದು ಹೇಗೆ ಕೇಳಿಸಿತೋ, ಅಲ್ಲಿಗೇ ನಿಲ್ಲಿಸಿ ಕಿಟಕಿಯ ಕಡೆ ನೋಡಿದರು.

"ನನ್ನ ಹೆಸರಲ್ಲಿ ಹಾಕಬಹುದಾ?" ಎಂದೆ. "ಆರಿಸಿದ್ದು ನಾನು."

"ನಿಮ್ಮ ತಂದೆ?"

"ನಾನು ಹೇಳ್ತೀನಿ."

ಕರಡುಗಳನ್ನು ಜೋಡಿಸಿ ನನ್ನ ಕಡೆ ಸರಿಸಿ, "ನಿನ್ನಿಷ್ಟಮ್ಮ," ಎಂದರು. ನಾನು ಬಾಗಿಲ ಹತ್ತಿರ ಹೋದಾಗ, "ಮೊದಲ ಪುಟದಲ್ಲೇ ಹಾಕಮ್ಮ," ಎಂದು ಸೇರಿಸಿದರು.

ಆ ಕ್ರಿಸ್‌ಮಸ್ ಬೆಳಿಗ್ಗೆ ವೇದಪಾಠ ಓದಿದ್ದು ಮೇಸ್ತ್ರಿಯೇ. ಬರಹದಲ್ಲಿ ಒಬ್ಬರಾದರೂ ಒಪ್ಪಿಕೊಂಡರಲ್ಲ, ಸಾಕು ಎಂದು ಹಿರಿಯರು ಹೇಳಿದರಂತೆ. ನನಗೂ ಕರೆ ಬಂದಿತ್ತು. ರೈಲು ತಡವಾಗಿ, ನಾನು ಹೋಗುವಷ್ಟರಲ್ಲಿ ಒಳಗೆ ಜಾಗವಿರಲಿಲ್ಲ. ಹೊರಗೆ ಕಿಟಕಿಯ ಹತ್ತಿರ ಚಪ್ಪಲಿಗಳ ನಡುವೆ ನಿಂತು ಕೇಳಿದೆ. ನಿಧಾನವಾಗಿ ಓದಿದರು. ಕಷ್ಟದ ಹೆಸರು ಬಂದಾಗ ಚೂರು ನಿಂತು, ಸರಿಯಾದದ್ದು ಸಿಕ್ಕಿದ ಮೇಲೆ ಮುಂದೆ ಹೋಗುತ್ತಿದ್ದರು. ಆಮೇಲೆ ಅವರ ಹೆಂಡತಿ ಹೊಸ ಸೀರೆಯಲ್ಲಿ ಬಂದು ನನ್ನ ಕೈಗೆ ಕಜ್ಜಾಯದ ತಟ್ಟೆ ಕೊಟ್ಟರು. "ಜರಿ ಕಡೀತಾ ಮಗಾ?" ಎಂದು ಕೇಳಿ, ನನ್ನ ಮುಖ ನೋಡಿ ಜೋರಾಗಿ ನಕ್ಕರು.

ಅಚ್ಚುಕೂಟದಲ್ಲಿ ಬಹಳವೇನೂ ಬದಲಾಗಲಿಲ್ಲ, ಸ್ವಲ್ಪ ಬದಲಾಯಿತು. ಗುಂಡಿ ಬಿದ್ದರೆ ಈಗ ರೈಲಿನ ವೇಳೆ ತುಂಬುತ್ತೇವೆ, ಅದರಿಂದ ಓದುಗರಿಗೆ ಉಪಯೋಗವೂ ಇದೆ. ಸಂಪಾದಕರು ವರ್ಷಕ್ಕೆ ಎರಡೋ ಮೂರೋ ಸಲ ಮಠದ ಮಾತನ್ನು ತೆಗೆಸದೆ ಉಳಿಸುತ್ತಾರೆ, ಆ ವಾರವೆಲ್ಲ ಬಾಗಿಲ ಕಡೆ ನೋಡುತ್ತಿರುತ್ತಾರೆ. ಓಡಿಹೋದ ಪಾದ್ರಿಯ ಕಥೆಯನ್ನು ಮೇಸ್ತ್ರಿ ಹೇಳಿದಂತೆಯೇ ಬರೆದು ಹಾಕಿದೆವು. ಒಬ್ಬ ಪಾದ್ರಿ ಕಾಗದ ಬರೆದಿದ್ದರು: ತಾವೂ ಮೊದಲ ಸಲ ಓಡಿದ್ದುಂಟು, ಅದು ನಿಮಗೆ ಹೇಗೆ ತಿಳಿಯಿತು ಎಂದು.

ಮೇಸ್ತ್ರಿ ಇನ್ನೂ ಐದು ಕ್ರಿಸ್‌ಮಸ್ ಓದಿದರು. ಈ ವರ್ಷ ಮಳೆಗಾಲದ ಮೊದಲಲ್ಲಿ, ಬೆಳಗಿನ ರೈಲಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅವರ ಸಾವಿನ ಸುದ್ದಿಯ ಕರಡನ್ನು ನಾನೇ ತಿದ್ದಿದೆ. ಅಂಚಿನಲ್ಲಿ ಗುರುತುಗಳನ್ನು ದಪ್ಪಗೆ ಬರೆದೆ. ಅವರಿಂದ ನಾನು ಪಡೆದದ್ದೇನೆಂದು ಯಾರಾದರೂ ಕೇಳಿದರೆ, ಸಂಪಾದಕರು ಒಪ್ಪಿದ ಮರುದಿನದ ಬೆಳಗನ್ನು ಹೇಳಬೇಕಾಗುತ್ತದೆ.

ಆ ಬುಧವಾರ ನಾನು ಎಲ್ಲರಿಗಿಂತ ಮೊದಲು ಅಚ್ಚುಕೂಟಕ್ಕೆ ಹೋದೆ. ಉರಿಗಾಂ ರೈಲು ಬಂತು, ಮೇಸ್ತ್ರಿ ಬಂದು ಅಂಗಿಯ ತೋಳು ಮಡಚಿದರು. ಬರೆದು ತಂದಿದ್ದ ಕಾಗದವನ್ನು ಕೊಟ್ಟೆ. ಹೋದ ವಾರ ಮೂರನೆಯ ಪುಟದಲ್ಲಿ ಕ್ರೈಸ್ತರ ಪವಿತ್ರ ಭೋಜನದ ಬಗ್ಗೆ ಬಂದ ನಗೆಬರಹವನ್ನು ಆರಿಸಿದವಳು ನಾನು, ಖಾಲಿ ಜಾಗಕ್ಕೆ ಅದು ಹೊಂದುತ್ತದೆಯೇ ಎಂದು ನೋಡಿದೆ, ಯಾರಿಗೆ ನೋವಾಗುತ್ತದೆ ಎಂದು ನೋಡಲಿಲ್ಲ, ಕ್ಷಮಿಸಬೇಕು. ಇಷ್ಟೇ. ಕೆಳಗೆ ನನ್ನ ಪೂರ್ತಿ ಹೆಸರು.

ಅವರು ಹೆಸರಿನ ಮೇಲೆ ಬೆರಳಿಟ್ಟರು. "ಇದು ಬೇಕಾ?"

"ಬೇಕು."

"ಅಪ್ಪಾರಿಗೆ ಏಳಿದ್ರಾ?"

"ರಾತ್ರಿ ಹೇಳಿದೆ. ಊಟ ಮಾಡಲಿಲ್ಲ."

"ನಾಳೆ ಮಾಡ್ತಾರೆ," ಎಂದು ಕಾಗದವನ್ನು ಪೆಟ್ಟಿಗೆಯ ಮೇಲೆ ಒರಗಿಸಿದರು. "ಯಾವ ಅಕ್ಷರ ಆಕ್ಲಿ? ಸಣ್ಣದಾ?"

"ಆನೆಯ ವಿಷಯಕ್ಕೆ ಮಠದವರಿಗೆ ಹಾಕಿದ್ದೇ ಹಾಕಿ. ಚೌಕಟ್ಟೂ ಅದೇ."

ಅವರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಒಳಕ್ಕೆ ಹೋಗಿ ದೊಡ್ಡ ಅಕ್ಷರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದು, ಮೆಲ್ಲಗೆ ಸಿಳ್ಳೆ ಹಾಕುತ್ತ ಜೋಡಿಸಲು ಶುರುಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮುಗಿದ ಮೇಲೆ ಮಸಿ ಹಚ್ಚಿ, ಒಂದು ಕರಡು ತೆಗೆದು, ಹಸಿ ಕಾಗದವನ್ನು ಅಂಚಿನಲ್ಲಿ ಹಿಡಿದು ನನಗೆ ಕೊಟ್ಟರು. ನನ್ನ ಹೆಸರನ್ನು ಅಚ್ಚಿನಲ್ಲಿ ನಾನು ಮೊದಲು ನೋಡಿದ್ದು ಆಗ. ಕಿಟಕಿಯ ಹತ್ತಿರ ಬೆಳಕಿಗೆ ಹೋಗಿ ಎರಡು ಸಲ ಓದಿದೆ, ಈ ಸಲ ಅದರಲ್ಲಿ ಏನಿದೆ ಎಂದು ಓದಿದೆ. ತಪ್ಪಿರಲಿಲ್ಲ. ಸಹಿ ಹಾಕಿ ಅವರಿಗೆ ಹಿಂದಕ್ಕೆ ಕೊಟ್ಟೆ.